ಸ್ರಿಕಂಡಿ: ಜಾವಾದ ನೆರಳಾಟದಲ್ಲಿ ಬಿಲ್ಲು ಹಿಡಿದವಳು



ಕುರುಕ್ಷೇತ್ರದ ಹತ್ತನೆಯ ದಿನ ಏನಾಯಿತು? ಕನ್ನಡದ ಮನೆಗಳಲ್ಲಿ ಇದನ್ನು ಯಾರಿಗೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಭೀಷ್ಮನನ್ನು ಕೆಡವುವ ದಾರಿ ಕಾಣದೆ ಪಾಂಡವರು ಅವನ ಬಿಡಾರಕ್ಕೇ ಹೋದರು. ಅಜ್ಜನೇ ದಾರಿ ತೋರಿಸಿದ. ಹೆಣ್ಣಾಗಿ ಹುಟ್ಟಿ ಆಮೇಲೆ ಗಂಡಾದ ಶಿಖಂಡಿಯ ಮೇಲೆ ನಾನು ಬಾಣ ಬಿಡುವವನಲ್ಲ ಎಂದ. ಮಾರನೆಯ ದಿನ ಶಿಖಂಡಿ ಮುಂದೆ ಬಂದು ನಿಂತ. ಅವನ ಹಿಂದಿನಿಂದ ಅರ್ಜುನ ಬಾಣಗಳ ಮಳೆಗರೆದ. ಭೀಷ್ಮ ಶರಶಯ್ಯೆಗೆ ಒರಗಿದ.

ಇಷ್ಟೆಲ್ಲ ಆಗಿ ಶಿಖಂಡಿಗೆ ಸಿಕ್ಕಿದ್ದೇನು? ನಮ್ಮ ಆಡುಮಾತಿನಲ್ಲಿ ಒಂದು ಬೈಗುಳ. ಬೇರೆಯವರು ಹೊಡೆದಾಡುವಾಗ ಮುಂದೆ ನಿಲ್ಲಿಸಿಕೊಳ್ಳುವ ಗುರಾಣಿ. ರಾಜಕೀಯದ ಭಾಷಣಗಳಲ್ಲಿ ಎದುರಾಳಿಯನ್ನು ಹಳಿಯಲು ಈ ಹೆಸರನ್ನು ಧಾರಾಳವಾಗಿ ಬಳಸುತ್ತಾರೆ.

ಈಗ ಸಮುದ್ರ ದಾಟೋಣ. ಇಂಡೋನೇಷ್ಯದ ಜಾವಾ ದ್ವೀಪಕ್ಕೆ ಹೋಗೋಣ. ಅಲ್ಲಿಯೂ ಮಹಾಭಾರತವಿದೆ, ಭೀಷ್ಮನಿದ್ದಾನೆ, ಅವನನ್ನು ಕೆಡವಿದ ದ್ರುಪದನ ಮಗುವೂ ಇದೆ. ಆದರೆ ಆ ಮಗು ಹೆಣ್ಣಾಗಿ ಹುಟ್ಟಿ ಹೆಣ್ಣಾಗಿಯೇ ಬೆಳೆದಿದೆ. ಯಕ್ಷನ ಜೊತೆ ಮೈ ಬದಲಿಸಿಕೊಂಡಿಲ್ಲ. ಅವಳ ಹೆಸರು ಸ್ರಿಕಂಡಿ. ಅರ್ಜುನ ಅವಳ ಹಿಂದೆ ಅಡಗುವುದಿಲ್ಲ. ಅವನು ಅವಳ ಗಂಡ. ಭೀಷ್ಮನ ಎದುರು ಎತ್ತಿದ ಬಿಲ್ಲು ಅವಳದು. ಜಾವಾದಲ್ಲಿ ಒಬ್ಬ ಹೆಂಗಸನ್ನು ಸ್ರಿಕಂಡಿ ಎಂದು ಕರೆದರೆ ಅವಳು ಸಿಟ್ಟಾಗುವುದಿಲ್ಲ, ಹಿಗ್ಗುತ್ತಾಳೆ.

ಇವತ್ತಿನ ಮಾತೆಲ್ಲ ಆ ಸ್ರಿಕಂಡಿಯ ಬಗ್ಗೆ.

ಅವಳು ಬದುಕಿರುವುದು ಮುಖ್ಯವಾಗಿ ಒಂದು ಬಿಳಿಯ ಪರದೆಯ ಮೇಲೆ. ಆ ಆಟಕ್ಕೆ ವಯಾಂಗ್ ಕುಲಿತ್ ಎಂದು ಹೆಸರು. ಚರ್ಮದ ಗೊಂಬೆಗಳ ನೆರಳಾಟ. ರಾತ್ರಿ ಒಂಬತ್ತರ ಸುಮಾರಿಗೆ ಶುರುವಾದರೆ ಮುಗಿಯುವುದು ಬೆಳಗಿನ ಜಾವಕ್ಕೆ. ಪರದೆಯ ಹಿಂದೆ ಒಬ್ಬನೇ ಒಬ್ಬ ಆಟಗಾರ ಚಕ್ಕಳಮಕ್ಕಳ ಹಾಕಿ ಕುಳಿತಿರುತ್ತಾನೆ. ಅವನನ್ನು ದಲಾಂಗ್ ಎನ್ನುತ್ತಾರೆ. ಅವನ ತಲೆಯ ಮೇಲೆ ದೀಪ ತೂಗುತ್ತದೆ. ಹಿಂದಿನ ಕಾಲದಲ್ಲಿ ಎಣ್ಣೆಯ ದೀಪ, ಈಗ ಹೆಚ್ಚಾಗಿ ವಿದ್ಯುತ್ ದೀಪ. ಪರದೆಯ ಬುಡದಲ್ಲಿ ಬಾಳೆಯ ದಿಂಡನ್ನು ಅಡ್ಡಲಾಗಿ ಮಲಗಿಸಿರುತ್ತಾರೆ. ಗೊಂಬೆಯ ಕಡ್ಡಿಯನ್ನು ಆ ದಿಂಡಿಗೆ ಚುಚ್ಚಿದರೆ ಗೊಂಬೆ ನೆಟ್ಟಗೆ ನಿಲ್ಲುತ್ತದೆ. ಹಿಂದೆ ಗಮೆಲಾನ್ ಮೇಳ, ಅಂದರೆ ಕಂಚಿನ ಜಾಗಟೆಗಳು, ಲೋಹದ ಪಟ್ಟಿಗಳ ವಾದ್ಯಗಳು, ಮದ್ದಳೆ, ಹಾಡುವ ಹೆಂಗಸರು.

ದಲಾಂಗನ ಎರಡು ಕೈಯಲ್ಲೂ ಗೊಂಬೆಗಳಿರುತ್ತವೆ. ಪಕ್ಕದಲ್ಲಿ ಗೊಂಬೆಗಳ ಮರದ ಪೆಟ್ಟಿಗೆ. ಪೂರ್ತಿ ಪೆಟ್ಟಿಗೆಯೆಂದರೆ ನೂರೈವತ್ತು ಇನ್ನೂರು ಗೊಂಬೆಗಳಾದರೂ ಬೇಕು. ಮೇಳಕ್ಕೆ ಸನ್ನೆ ಕೊಡಬೇಕಾದರೆ ಅವನು ಮರದ ಪುಟ್ಟ ಸುತ್ತಿಗೆಯಿಂದ ಆ ಪೆಟ್ಟಿಗೆಗೆ ಕುಟ್ಟುತ್ತಾನೆ. ಕೈ ಬಿಡುವಿಲ್ಲದಾಗ ಅದೇ ಸುತ್ತಿಗೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಳ್ಳುತ್ತಾನೆ. ಎಲ್ಲ ಪಾತ್ರಗಳ ದನಿಯೂ ಅವನ ಗಂಟಲಿನದೇ. ರಾಕ್ಷಸನೂ ಅವನೇ, ರಾಣಿಯೂ ಅವನೇ. ಬೆಳಗಿನವರೆಗೆ ಜಾಗ ಬಿಟ್ಟು ಏಳುವುದಿಲ್ಲ. ಈ ಕಲೆಯನ್ನು ಯುನೆಸ್ಕೊ 2003ರಲ್ಲಿ ಮನುಕುಲದ ಮೇರು ಕಲಾಪರಂಪರೆಗಳಲ್ಲಿ ಒಂದೆಂದು ಸಾರಿತು. ಹಳ್ಳಿಯವರಿಗೆ ಅದು ಮದುವೆಗೋ ಸುಗ್ಗಿಯಾದ ಮೇಲಿನ ಊರಹಬ್ಬಕ್ಕೋ ಬೇಕಾದ ಆಟ. ಯುನೆಸ್ಕೊ ಹೇಳಿದ್ದಕ್ಕೆ ಆಡಿಸಿದ್ದಲ್ಲ.

ಇದು ಬಾನುಲಿ. ಗೊಂಬೆಯನ್ನು ತೋರಿಸಲಾಗದು, ಮಾತಿನಲ್ಲೇ ಬಿಡಿಸಬೇಕು. ಸ್ರಿಕಂಡಿಯ ಗೊಂಬೆ ಸುಮಾರು ಒಂದು ಮೊಳ ಎತ್ತರ. ಕೋಣದ ಚರ್ಮವನ್ನು ಒಣಗಿಸಿ, ಹೆರೆದು, ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು ಮಾಡಿದ್ದು. ಉಡುಗೆಯ ಅಂಚು, ತೋಳಬಂದಿ, ಮುಡಿ ಎಲ್ಲವೂ ಆ ತೂತುಗಳಿಂದಲೇ ಮೂಡುತ್ತವೆ. ನಮ್ಮ ತೊಗಲುಗೊಂಬೆಗಳಲ್ಲಿ ಚರ್ಮವನ್ನು ತೆಳ್ಳಗೆ ಹದ ಮಾಡುವುದರಿಂದ ಬೆಳಕು ಚರ್ಮದ ಮೂಲಕವೇ ಹಾಯುತ್ತದೆ, ಬಣ್ಣಬಣ್ಣದ ನೆರಳು ಬೀಳುತ್ತದೆ. ಜಾವಾದ ಗೊಂಬೆಯ ನೆರಳು ಕಪ್ಪು. ತೂತುಗಳಲ್ಲಿ ಮಾತ್ರ ಬೆಳಕು ನುಸುಳುತ್ತದೆ. ಅಷ್ಟಾದರೂ ಗೊಂಬೆಗೆ ಬಂಗಾರದ ಬಣ್ಣ, ಕೆಂಪು, ನೀಲಿ ಎಲ್ಲ ಬಳಿದಿರುತ್ತಾರೆ. ಕಾರಣವಿದೆ. ಅಲ್ಲಿ ಜನ ಪರದೆಯ ಎರಡೂ ಕಡೆ ಕೂರುತ್ತಾರೆ. ದಲಾಂಗನ ಕಡೆ ಕೂತವರು ನೋಡುವುದು ಗೊಂಬೆಯ ಬಣ್ಣವನ್ನು, ಆಚೆ ಕೂತವರು ನೋಡುವುದು ನೆರಳನ್ನು.

ಮುಖ ಒಂದೇ ಮಗ್ಗುಲಿನದು. ಮೂಗು ಉದ್ದ, ತುದಿ ಚೂಪು. ಕಣ್ಣು ಭತ್ತದ ಕಾಳಿನ ಹಾಗೆ ಕಿರಿದು. ಅಲ್ಲಿನ ಗೊಂಬೆಗಾರರೂ ಅದನ್ನು ಭತ್ತದ ಕಣ್ಣೆಂದೇ ಕರೆಯುತ್ತಾರೆ. ತೋಳುಗಳು ಕಡ್ಡಿಯಷ್ಟು ತೆಳ್ಳಗೆ, ನೀಳವಾಗಿ ಪಾದದ ಹತ್ತಿರಕ್ಕೆ ಇಳಿಯುತ್ತವೆ. ಭುಜದಲ್ಲೊಂದು ಕೀಲು, ಮೊಣಕೈಯಲ್ಲೊಂದು ಕೀಲು. ಹಿಡಿಕೆ ಕೋಣದ ಕೊಂಬಿನದು.

ಆದರೆ ಇಷ್ಟು ವಿವರ ಅರ್ಜುನನ ಎಲ್ಲ ಹೆಂಡಿರಿಗೂ ಹೊಂದುತ್ತದೆ. ಸ್ರಿಕಂಡಿಯನ್ನು ಪತ್ತೆ ಮಾಡಲು ಕತ್ತನ್ನು ನೋಡಬೇಕು. ಅವಳ ತಲೆ ಬಾಗಿಲ್ಲ. ಮುಖ ಎದುರಿಗಿದ್ದವರನ್ನು ನೇರವಾಗಿ ನೋಡುತ್ತದೆ. ಸಭ್ಯತೆಯೆಂದರೆ ತಲೆ ತಗ್ಗಿಸುವುದು ಎಂದು ನಂಬಿದ ಆ ರಂಗದಲ್ಲಿ ಅದು ಸಣ್ಣ ಸಂಗತಿಯಲ್ಲ.

ಜಾವಾದಲ್ಲಿ ಶಿಖಂಡಿ ಹೆಣ್ಣಾಗಿ ಉಳಿದಳು, ಗೊಂಬೆಯಾಗಿ ತಲೆಯೆತ್ತಿ ನಿಂತಳು. ಇಷ್ಟಾಯಿತು. ಈ ಕಥೆ ಅಲ್ಲಿಗೆ ಹೋದದ್ದು ಯಾವಾಗ?

ಸಾವಿರ ವರ್ಷದ ಹಿಂದೆಯೇ ಹೋಗಿತ್ತು. ಹತ್ತನೆಯ ಶತಮಾನದ ಕೊನೆಗೆ, ಧರ್ಮವಂಶ ತೆಗುಃ ಎಂಬ ಅರಸನ ಆಳ್ವಿಕೆಯಲ್ಲಿ, ಮಹಾಭಾರತದ ಪರ್ವಗಳನ್ನು ಹಳೆಯ ಜಾವಾ ನುಡಿಯ ಗದ್ಯಕ್ಕೆ ಇಳಿಸಿದರು. ಕನ್ನಡದ ಪಂಪಭಾರತ ಹುಟ್ಟಿ ಆಗ ಅರ್ಧ ಶತಮಾನ ಕಳೆದಿತ್ತಷ್ಟೆ. ಆಮೇಲೆ 1157ರಲ್ಲಿ ಕೆದಿರಿಯ ರಾಜ ಜಯಭಯನ ಆಸ್ಥಾನದಲ್ಲಿ ‘ಭಾರತಯುದ್ಧ’ ಕಾವ್ಯ ಹುಟ್ಟಿತು. ಬರೆದವರು ಇಬ್ಬರು, ಎಂಪು ಸೆದಃ ಮತ್ತು ಎಂಪು ಪನುಲುಃ. ಮುಂದೆ ಶತಮಾನಗಳು ಕಳೆದಂತೆ ಜಾವಾದ ಬಹುಪಾಲು ಜನ ಇಸ್ಲಾಂ ಧರ್ಮಕ್ಕೆ ಬಂದರು. ಪಾಂಡವರು ಮಾತ್ರ ಊರು ಬಿಟ್ಟು ಹೋಗಲಿಲ್ಲ. ಯುಧಿಷ್ಠಿರನ ಮನೆತನದ ಪವಿತ್ರ ಓಲೆಗೆ ಅಲ್ಲಿ ‘ಕಲಿಮಸದ’ ಎಂದು ಹೆಸರು. ಇಸ್ಲಾಮಿನ ಶಹಾದತ್ತಿನ ಮಾತೇ ಅದರಲ್ಲಿದೆ ಎಂದು ಎಷ್ಟೋ ಜನ ನಂಬುತ್ತಾರೆ.

ಹೀಗೆ ನೆಲೆ ನಿಂತ ಕಥೆಯಲ್ಲಿ ಹೆಂಗಸರ ಬಾಳು ತುಂಬ ಬದಲಾಯಿತು. ಈಗಿನ ಜಾವಾ ನೆರಳಾಟದಲ್ಲಿ ದ್ರೌಪದಿಗೆ ಐವರು ಗಂಡಂದಿರಿಲ್ಲ. ಅವಳು ಯುಧಿಷ್ಠಿರನೊಬ್ಬನ ಹೆಂಡತಿ, ಒಬ್ಬನೇ ಮಗನ ತಾಯಿ. ಅವಳ ತಂಗಿ ಸ್ರಿಕಂಡಿ. ಅಕ್ಕತಂಗಿಯರು ವಾರಗಿತ್ತಿಯರೂ ಆಗಿಬಿಟ್ಟರು.

ಜಾವಾದವರು ವಯಾಂಗ್ ಕಥೆಗಳನ್ನು ಕಾಂಡ, ಕೊಂಬೆ ಎಂದು ವಿಂಗಡಿಸುತ್ತಾರೆ. ಭಾರತದಿಂದ ಬಂದ ಮುಖ್ಯ ಕಥೆಗಳು ಕಾಂಡ. ಅಲ್ಲಿಯೇ ಚಿಗುರಿದವು ಕೊಂಬೆ. ಸ್ರಿಕಂಡಿ ಕಾಂಡದಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಅವಳ ಸೊಗಸೆಲ್ಲ ಕೊಂಬೆಗಳಲ್ಲಿದೆ. ಅದರಲ್ಲಿ ಎಲ್ಲರಿಗೂ ಮೆಚ್ಚಿನದು ಸ್ರಿಕಂಡಿ ಬಿಲ್ವಿದ್ಯೆ ಕಲಿತ ಕಥೆ.

ಪರಂಗುಬರ್ಜ ಎಂಬ ರಾಜ್ಯ. ಅದರ ದೊರೆ ಜುಂಗ್ಕುಂಗ್‌ಮರ್ದೆಯ. ಅವನಿಗೆ ಸ್ರಿಕಂಡಿಯ ಮೇಲೆ ಮನಸ್ಸು. ಹೆಣ್ಣು ಕೊಡಿ ಎಂದು ಪಾಂಚಾಲಕ್ಕೆ ಹೇಳಿಕಳಿಸುತ್ತಾನೆ. ದ್ರುಪದ ಒಲ್ಲೆ ಎನ್ನಲಾರ. ಮಗಳಿಗೆ ಆ ಗಂಡು ಸುತರಾಂ ಬೇಡ. ಅತ್ತು ಕರೆದು ಊಟ ಬಿಡುವ ರಾಜಕುಮಾರಿಯರು ವಯಾಂಗಿನಲ್ಲಿ ಬೇಕಾದಷ್ಟಿದ್ದಾರೆ. ಇವಳು ಆ ಪೈಕಿ ಅಲ್ಲ. ಅರಮನೆಯಿಂದ ಹೊರಬಿದ್ದು ನೇರವಾಗಿ ಮದುಕರಕ್ಕೆ ಹೋಗುತ್ತಾಳೆ. ಮದುಕರ ಅರ್ಜುನನ ಮನೆ. ನನಗೆ ಬಿಲ್ಲುವಿದ್ಯೆ ಕಲಿಸು ಎನ್ನುತ್ತಾಳೆ.

ಇಲ್ಲಿ ದಲಾಂಗರಿಗೆ ಹಬ್ಬ. ಬಿಲ್ಲು ಹಿಡಿಯುವುದನ್ನು ಕಲಿಸಬೇಕಾದರೆ ಗುರು ಹತ್ತಿರ ನಿಲ್ಲಬೇಕು. ಎಡಗೈ ಹೀಗೆ, ಬಲಗೈ ಹಾಗೆ, ಕಣ್ಣು ಗುರಿಯ ಮೇಲೆ. ಶಿಷ್ಯೆಯ ಕಣ್ಣು ಗುರಿಯ ಮೇಲಿಲ್ಲ, ಗುರುವಿನ ಕಣ್ಣೂ ಇಲ್ಲ. ಅರ್ಜುನನ ಖ್ಯಾತಿ ಜಾವಾದಲ್ಲಿ ಎಂಥದೆಂದು ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲೂ ಅವನೇನು ಕಡಿಮೆಯಿಲ್ಲ. ಮನೆಯೊಳಗೆ ಸುಭದ್ರೆ ಇದ್ದಾಳೆ. ಅವಳನ್ನು ಅಲ್ಲಿ ಸುಂಬದ್ರ ಎನ್ನುತ್ತಾರೆ. ಪರದೆಯ ಎರಡೂ ಕಡೆ ನಗು ಏಳುತ್ತದೆ.

ಹಾಗೆಂದು ಸ್ರಿಕಂಡಿ ಒಲಿದ ಕೂಡಲೇ ಹಾರ ಹಾಕುವುದಿಲ್ಲ. ಷರತ್ತು ಹಾಕುತ್ತಾಳೆ. ಬಿಲ್ಲಿನಲ್ಲಿ ನನ್ನನ್ನು ಸರಿಗಟ್ಟುವ ಹೆಂಗಸನ್ನು ಕರೆದುಕೊಂಡು ಬಾ, ಆಮೇಲೆ ಮದುವೆಯ ಮಾತು. ಗಂಡಿನ ಶೌರ್ಯವನ್ನು ಪರೀಕ್ಷಿಸುವ ಸ್ವಯಂವರಗಳು ನಮಗೆ ಗೊತ್ತು. ಶಿವಧನುಸ್ಸು ಗೊತ್ತು, ಮತ್ಸ್ಯಯಂತ್ರ ಗೊತ್ತು. ಇಲ್ಲಿ ಹೆಣ್ಣು ಕೇಳುತ್ತಿರುವುದು ಇನ್ನೊಬ್ಬ ಹೆಣ್ಣಿನ ಶೌರ್ಯವನ್ನು. ಪೈಪೋಟಿಗೆ ನಿಂತವಳು ಲಾರಸತಿ. ಅವಳೂ ಅರ್ಜುನನ ಹೆಂಡತಿಯೇ. ರಾಜಕುಮಾರಿಯಲ್ಲ, ವಿದರಕಂದಂಗ್ ಎಂಬ ಹಳ್ಳಿಯಲ್ಲಿ ಬೆಳೆದವಳು. ಕೃಷ್ಣ, ಬಲರಾಮ, ಸುಭದ್ರೆ ಬೆಳೆದದ್ದೂ ಆ ಹಳ್ಳಿಯಲ್ಲೇ. ಜಾವಾದ ಗೋಕುಲ ಎನ್ನಿ. ಅರಮನೆಯ ಹುಡುಗಿ ಮತ್ತು ಹಳ್ಳಿಯ ಹುಡುಗಿ ಬಿಲ್ಲೆತ್ತುತ್ತಾರೆ. ಗೆಲ್ಲುವವಳು ಹಳ್ಳಿಯವಳು.

ಸ್ರಿಕಂಡಿ ಸೋಲುತ್ತಾಳೆ, ಮದುವೆಗೆ ಒಪ್ಪುತ್ತಾಳೆ. ಜುಂಗ್ಕುಂಗ್‌ಮರ್ದೆಯ ಅರ್ಜುನನ ಕೈಯಲ್ಲಿ ಸಾಯುತ್ತಾನೆ.

ನಾಯಕಿಯನ್ನು ಸೋಲಿಸಿದರೂ ಅವಳ ಮಾನ ತಗ್ಗಿಸದ ಈ ಕಥೆ ಜಾಣತನದ್ದು. ಒಬ್ಬಳೇ ಬಿಲ್ಲುಗಾತಿ ಇದ್ದರೆ ಅವಳು ಅಪವಾದವಾಗಿ ಉಳಿದುಬಿಡುತ್ತಾಳೆ. ಇಬ್ಬರಿದ್ದರೆ ಅದೊಂದು ವಿದ್ಯೆಯಾಗುತ್ತದೆ.

ಗುರುವಿನ ಮನೆಗೆ ತಾನಾಗಿ ಹೋಗಿ ಕಲಿತವಳು, ತನ್ನ ಷರತ್ತಿನ ಮೇಲೆ ಮದುವೆಯಾದವಳು. ಸ್ರಿಕಂಡಿ ಇಂಥವಳು ಎಂದು ತಿಳಿದ ಮೇಲೆ ಅವಳ ಸವತಿಯನ್ನೂ ಕಾಣಬೇಕು. ಸುಂಬದ್ರಳಿಲ್ಲದೆ ಸ್ರಿಕಂಡಿ ಪೂರ್ತಿಯಾಗುವುದಿಲ್ಲ.

ಸುಂಬದ್ರಳ ಗೊಂಬೆಯ ತಲೆ ಬಾಗಿದೆ. ನೋಟ ನೆಲದ ಮೇಲೆ. ಮಾತು ಕಡಿಮೆ, ಸಹನೆ ಹೆಚ್ಚು. ಜಾವಾದ ದೊಡ್ಡ ಮನೆತನಗಳು ಬಹುಕಾಲ ಮುಂದಿಟ್ಟ ಮಾದರಿ ಅದು. ಸ್ರಿಕಂಡಿಗೆ ಮಾತು ಬೇಕು, ವಾದ ಬೇಕು, ಓಡಾಟ ಬೇಕು. ಸಿಟ್ಟೂ ಬೇಗ, ಔದಾರ್ಯವೂ ಬೇಗ. ಒಬ್ಬಳು ಒಳ್ಳೆಯವಳು ಮತ್ತೊಬ್ಬಳು ಗಯ್ಯಾಳಿ ಎಂದು ವಯಾಂಗ್ ತೀರ್ಪು ಕೊಡುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ವಾಂಸ ಬೆನೆಡಿಕ್ಟ್ ಆಂಡರ್ಸನ್ 1965ರಲ್ಲಿ ಜಾವಾದ ಪುರಾಣ ಮತ್ತು ಸಹಿಷ್ಣುತೆಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಆ ಪುಸ್ತಕಕ್ಕೆ ಈ ಸವತಿಯರ ಜೋಡಿ ಒಳ್ಳೆಯ ಉದಾಹರಣೆಯಾಯಿತು. ಒಂದೇ ಮನೆಯಲ್ಲಿ ಎರಡು ಬಗೆಯ ಹೆಣ್ತನ, ಎರಡಕ್ಕೂ ಮರ್ಯಾದೆ. ಮಗು ತನ್ನ ಸ್ವಭಾವಕ್ಕೆ ಹೊಂದುವ ಗೊಂಬೆಯನ್ನು ಆರಿಸಿಕೊಳ್ಳಬಹುದು.

ಈ ವ್ಯತ್ಯಾಸ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ ಎಂಬುದು ಬಾನುಲಿ ಕೇಳುಗರಿಗೆ ಖುಷಿ ಕೊಡುವ ಸಂಗತಿ. ತಲೆ ಬಾಗಿದ ಪಾತ್ರಗಳಿಗೆ ದಲಾಂಗ್ ಕೆಳಗಿನ ಶ್ರುತಿ ಹಿಡಿಯುತ್ತಾನೆ, ನಿಧಾನವಾಗಿ, ಒಂದೇ ಮಟ್ಟದಲ್ಲಿ ಮಾತಾಡುತ್ತಾನೆ. ತಲೆಯೆತ್ತಿದ ಪಾತ್ರಗಳಿಗೆ ಶ್ರುತಿ ಮೇಲೇರುತ್ತದೆ, ಮಾತು ಚುರುಕಾಗುತ್ತದೆ. ಸುಂಬದ್ರ ಮತ್ತು ಸ್ರಿಕಂಡಿ ಮಾತಿಗೆ ಕೂತರೆ, ಒಬ್ಬನೇ ಗಂಡಸಿನ ಗಂಟಲಿನಲ್ಲಿ ಇಬ್ಬರು ಹೆಂಗಸರು ಬೇರೆಬೇರೆಯಾಗಿ ಕೇಳುತ್ತಾರೆ.

ಆದ್ದರಿಂದಲೇ ಜಾವಾದಲ್ಲಿ ನೆರಳಾಟ ರೇಡಿಯೊದಲ್ಲೂ ಬದುಕಿತು. ಪರದೆಯಿಲ್ಲ, ದೀಪವಿಲ್ಲ, ಗೊಂಬೆಯಿಲ್ಲ, ಆದರೂ ಆಟ! ಸೋಲೋ ನಗರದಲ್ಲಿ 1933ರಲ್ಲೇ ಜಾವಾದವರದೇ ಆದ ರೇಡಿಯೊ ಸಂಘ ಹುಟ್ಟಿತು. ಅದಕ್ಕೆ ಅಲ್ಲಿನ ಮಂಕುನೆಗರಾನ್ ಅರಮನೆಯ ಆಸರೆಯಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರಿ ಬಾನುಲಿಯಾದ ಆರ್‌ಆರ್‌ಐ ಇಡೀ ರಾತ್ರಿಯ ವಯಾಂಗನ್ನು ಪ್ರಸಾರ ಮಾಡುತ್ತ ಬಂತು. ಆಮೇಲೆ ಕ್ಯಾಸೆಟ್ಟುಗಳ ಕಾಲ. ಕಿ ನರ್ತೊಸಬ್ದೊ ಎಂಬ ಹೆಸರಾಂತ ದಲಾಂಗ್ 1985ರಲ್ಲಿ ತೀರಿಕೊಂಡರು. ಅವರ ಆಟಗಳ ಕ್ಯಾಸೆಟ್ಟುಗಳನ್ನು ಜನ ಈಗಲೂ ಹುಡುಕಿಕೊಂಡು ಕೇಳುತ್ತಾರೆ. ಆ ಕೇಳುಗರಿಗೆ ಸ್ರಿಕಂಡಿ ಬಂದಳೆಂದು ಯಾರೂ ಹೇಳಬೇಕಾಗಿಲ್ಲ. ಶ್ರುತಿ ಹೇಳುತ್ತದೆ.

ಮನುಷ್ಯರೇ ಗೊಂಬೆಗಳಂತೆ ವೇಷ ಕಟ್ಟಿ ಕುಣಿಯುವ ಇನ್ನೊಂದು ಆಟವಿದೆ, ವಯಾಂಗ್ ಓರಾಂಗ್. ಸೋಲೋದ ತಂಡಗಳಲ್ಲಿ ಅರ್ಜುನನ ಪಾತ್ರವನ್ನು ಎಷ್ಟೋ ಸಲ ಹೆಂಗಸರೇ ಮಾಡುತ್ತಾರೆ. ಅಷ್ಟು ನಾಜೂಕಾದ ಗಂಡನ್ನು ಗಂಡಸರು ಕುಣಿದು ತೋರಿಸುವುದು ಕಷ್ಟವಂತೆ. ಆಗ ವೇದಿಕೆಯ ಮೇಲೆ ಸ್ರಿಕಂಡಿಯೂ ಹೆಂಗಸು, ಅವಳಿಗೆ ಬಿಲ್ಲು ಕಲಿಸುವ ಅರ್ಜುನನೂ ಹೆಂಗಸು.

ಸವತಿಯ ಕಥೆಯಾಯಿತು, ದನಿಯ ಕಥೆಯಾಯಿತು. ಸ್ರಿಕಂಡಿ ಎಡವಿದ್ದೂ ಉಂಟು. ಅದನ್ನು ಬಿಟ್ಟರೆ ಅವಳು ಬರೀ ಆದರ್ಶವಾಗಿಬಿಡುತ್ತಾಳೆ.

ನಿವಾತಕವಚನನ್ನು ಅರ್ಜುನ ಕೊಂದ. ಅವನ ಮಗಳು ಮುಸ್ತಕವೆನಿ ಸೇಡಿಗಾಗಿ ಕಾದಿದ್ದಳು. ಪಾಂಡವರ ಆ ಪವಿತ್ರ ಓಲೆ ಕಲಿಮಸದವನ್ನು ಕದಿಯಲು ಅವಳು ಘಟೋತ್ಕಚನ ವೇಷ ಹಾಕಿಕೊಂಡು ಬರುತ್ತಾಳೆ. ಓಲೆಯ ಕಾವಲು ಸ್ರಿಕಂಡಿಯದು. ಮನೆಯ ಹುಡುಗನೇ ಕೇಳುತ್ತಿದ್ದಾನೆ ಎಂದು ಅವಳು ತೆಗೆದು ಕೊಟ್ಟೇಬಿಡುತ್ತಾಳೆ. ಮೋಸ ಗೊತ್ತಾದ ಕೂಡಲೇ ಬಿಲ್ಲು ಹಿಡಿದು ಬೆನ್ನಟ್ಟುತ್ತಾಳೆ. ಇಬ್ಬರು ಹೆಂಗಸರ ಈ ಕಾಳಗ ಜಾವಾದಲ್ಲಿ ಬಲು ಪ್ರಸಿದ್ಧ. ಅದನ್ನೇ ಬಿಡಿ ನೃತ್ಯವಾಗಿಯೂ ಕುಣಿಯುತ್ತಾರೆ. ಇಬ್ಬರು ನರ್ತಕಿಯರು, ಬಿಲ್ಲು, ಸಣ್ಣ ಕಠಾರಿ, ಸೊಂಟದ ಶಲ್ಯವನ್ನು ಬೆರಳ ತುದಿಯಿಂದ ಚಿಮ್ಮುವ ನಡೆ. ಏಟು ಬಿದ್ದರೂ ಮುಖದಲ್ಲಿ ಗೆರೆ ಕದಲಬಾರದು. ಕಥೆಯಲ್ಲಿ ಮಾತ್ರ ಕಲಿಮಸದ ಕೈಯಿಂದ ಕೈಗೆ ದಾಟಿ, ಕೊನೆಗೆ ವಿದೂಷಕ ಪೆತ್ರುಕ್‌ನ ಕೈ ಸೇರುತ್ತದೆ. ಅದರ ಬಲದಿಂದ ಅವನು ರಾಜನಾಗಿಬಿಡುತ್ತಾನೆ. ಆ ಕಥೆಯೇ ಒಂದು ಇಡೀ ರಾತ್ರಿಯದು, ಇಲ್ಲಿ ಬೇಡ.

ಕೊಂಬೆಯ ಕಥೆಗಳಿಂದ ಈಗ ಕಾಂಡಕ್ಕೆ ಬರೋಣ. ಬಿಲ್ಲು ಕಲಿತಳು, ಮದುವೆಯಾದಳು, ಮನೆಯ ಕಾವಲು ಕಾದಳು, ಒಮ್ಮೆ ಮೋಸ ಹೋದಳು. ಇವೆಲ್ಲ ಆದ ಮೇಲೆ ಯುದ್ಧ.

ಯುದ್ಧಕ್ಕೂ ಮೊದಲಿನ ಒಂದು ಹಳೆಯ ಸಾಲ ಇದೆ. ಅದು ಅಂಬೆಯದು. ಕಾಶಿಯ ಮೂವರು ರಾಜಕುಮಾರಿಯರನ್ನು ಭೀಷ್ಮ ಗೆದ್ದು ತಂದದ್ದು, ಅಂಬೆಯನ್ನು ಅವಳು ಒಲಿದವನು ತಿರಸ್ಕರಿಸಿದ್ದು, ಅವಳು ಮರಳಿ ಭೀಷ್ಮನ ಬಳಿಗೆ ಬಂದದ್ದು, ಇಷ್ಟೂ ನಮ್ಮ ಕಥೆಯೇ. ಮುಂದಿನದು ಜಾವಾದ್ದು. ಮದುವೆಯಾಗು ಎಂದು ಅಂಬೆ ಹಟ ಹಿಡಿಯುತ್ತಾಳೆ. ಭೀಷ್ಮನಿಗೆ ವ್ರತ. ಬೈದು ನೋಡುತ್ತಾನೆ, ಹೋಗುವುದಿಲ್ಲ. ಹೆದರಿಸಲೆಂದು ಬಿಲ್ಲಿಗೆ ಬಾಣ ಹೂಡಿ ಅವಳ ಕಡೆ ತಿರುಗಿಸುತ್ತಾನೆ. ಬಿಡುವ ಮನಸ್ಸಿಲ್ಲ. ಕೈ ಬೆವರಿದೆ. ಬಾಣ ಜಾರಿಬಿಡುತ್ತದೆ.

ಅಂಬೆ ಸಾಯುತ್ತಾಳೆ. ಸಾಯುವಾಗ ಹೇಳುತ್ತಾಳೆ: ಮಹಾಯುದ್ಧದಲ್ಲಿ ಒಬ್ಬ ಹೆಣ್ಣು ಯೋಧೆಯ ಮೈಯಲ್ಲಿ ಬಂದು ನಿನ್ನನ್ನು ಕರೆದೊಯ್ಯುತ್ತೇನೆ.

ಸಂಸ್ಕೃತದ ಕಥೆಯಲ್ಲಿ ಅಂಬೆ ತಪಸ್ಸು ಮಾಡಿ, ಚಿತೆಯೇರಿ, ಮರುಹುಟ್ಟು ಪಡೆಯುತ್ತಾಳೆ. ಅಲ್ಲಿ ಭೀಷ್ಮ ಮಾಡಿದ್ದು ಅನ್ಯಾಯ. ಇಲ್ಲಿ ಅವನು ಮಾಡಿದ್ದು ಕೊಲೆ, ಬೇಕೆಂದು ಮಾಡದಿದ್ದರೂ ಕೊಲೆಯೇ. ಈ ಒಂದು ಬದಲಾವಣೆಯಿಂದ ಹತ್ತನೆಯ ದಿನದ ಅರ್ಥವೇ ಬೇರೆಯಾಗುತ್ತದೆ. ಬಾಣಕ್ಕೆ ಬಾಣದಲ್ಲೇ ಉತ್ತರ ಬರಬೇಕು.

ಜಾವಾದ ಯುದ್ಧದಲ್ಲಿ ಪಾಂಡವರ ಮೊದಲ ಸೇನಾಪತಿ ವಿರಾಟನ ಮಗ ಸೇತ, ನಮ್ಮ ಶ್ವೇತ. ಅವನನ್ನು ಭೀಷ್ಮ ಕೊಲ್ಲುತ್ತಾನೆ. ಆಗ ಸ್ರಿಕಂಡಿಗೆ ಸೇನಾಪತಿಯ ಪಟ್ಟ. ಬೆಳಗಿನ ಜಾವ ಹತ್ತಿರವಾಗಿರುತ್ತದೆ, ಗಮೆಲಾನಿನ ರಾಗ ಕೊನೆಯ ಘಟ್ಟಕ್ಕೆ ಏರಿರುತ್ತದೆ. ಪರದೆಯ ಒಂದು ಕಡೆ ಋಷಿಯಂತೆ ಉದ್ದನೆಯ ಅಂಗಿ ತೊಟ್ಟ ಮುದುಕ. ಇನ್ನೊಂದು ಕಡೆ ಮೊಳದುದ್ದದ ಹೆಣ್ಣುಗೊಂಬೆ. ಅವಳನ್ನು ಕಂಡ ಕೂಡಲೇ ಭೀಷ್ಮನಿಗೆ ಅಂಬೆ ಬಂದಳೆಂದು ತಿಳಿಯುತ್ತದೆ. ಅವನು ಕೈ ಕೆಳಗಿಳಿಸುವುದು ಹೆಣ್ಣಿನ ಮೇಲೆ ಬಾಣ ಬಿಡಬಾರದೆಂಬ ನಿಯಮಕ್ಕಲ್ಲ. ಹಿಂದೊಮ್ಮೆ ಒಬ್ಬ ಹೆಣ್ಣಿನ ಮೇಲೆ ಬಾಣ ಬಿಟ್ಟಿದ್ದಾನೆ. ಅದರ ನೆನಪಿಗೆ.

ಸ್ರಿಕಂಡಿ ಬಾಣ ಬಿಡುತ್ತಾಳೆ. ಭೀಷ್ಮ ಬೀಳುತ್ತಾನೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಕೆಲವು ದಲಾಂಗರ ಆಟದಲ್ಲಿ ಸ್ರಿಕಂಡಿಯ ಬಾಣಕ್ಕೆ ಸಾಕಷ್ಟು ಬಲವಿರುವುದಿಲ್ಲ. ಹಿಂದಿನಿಂದ ಅರ್ಜುನ ಇನ್ನೊಂದು ಬಾಣ ಬಿಟ್ಟು ಅವಳ ಬಾಣವನ್ನು ಮುಂದಕ್ಕೆ ತಳ್ಳುತ್ತಾನೆ. ಬಾಗಿಲಿನಿಂದ ಹೊರಹಾಕಿದ ಹಳೆಯ ಕಥೆ ಕಿಟಕಿಯಿಂದ ಒಳಬಂದಂತಾಯಿತು. ಇಷ್ಟೆಲ್ಲ ಕಲಿತು, ಸೇನಾಪತಿಯಾಗಿ, ಕಡೆಗೆ ಗಂಡನ ಕೈ ಬೇಕೇ? ಸ್ರಿಕಂಡಿಯನ್ನು ಆಧುನಿಕ ಮಹಿಳೆಯೆಂದು ಹೊಗಳುವವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಅವಳು ಅನೇಕ ಹೆಂಡಿರಲ್ಲಿ ಒಬ್ಬಳು ಎಂಬುದನ್ನೂ ಮೆಲ್ಲಗೆ ದಾಟಿಸಿಬಿಡುತ್ತಾರೆ. ಅವಳಿಗೆ ದನಿ ಕೊಡುವವರು ಇವತ್ತಿಗೂ ಹೆಚ್ಚಾಗಿ ಗಂಡಸರೇ. ಹೆಣ್ಣು ದಲಾಂಗರು ಇದ್ದಾರೆ, ಎಣಿಕೆ ಕಡಿಮೆ. ಕರ್ನಾಟಕದ ತೊಗಲುಗೊಂಬೆ ಮನೆಗಳಲ್ಲಿ ಹೆಂಗಸರು ಹಾಡುವುದೂ ಆಡಿಸುವುದೂ ಉಂಟು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು.

ಸ್ರಿಕಂಡಿಯ ಸಾವು ಯುದ್ಧ ಮುಗಿದ ಮೇಲೆ. ಅಶ್ವತ್ಥಾಮ ನೆಲದಡಿಯಲ್ಲಿ ಮುಳ್ಳುಹಂದಿಯಂತೆ ಸುರಂಗ ಕೊರೆದುಕೊಂಡು ಬರುತ್ತಾನೆ. ಮಲಗಿದ್ದವಳನ್ನು ಮಲಗಿದ್ದಂತೆಯೇ ಕೊಲ್ಲುತ್ತಾನೆ. ಎಚ್ಚರವಿದ್ದಾಗ ಅವನಿಂದ ಆಗುತ್ತಿರಲಿಲ್ಲ ಎಂದು ನೋಡುವವರಿಗೆಲ್ಲ ಗೊತ್ತು.

ಕಥೆಯಲ್ಲಿ ಅವಳು ಮುಗಿದಳು. ಪರದೆಯಾಚೆ ಮುಗಿಯಲಿಲ್ಲ. ಕೊನೆಯದಾಗಿ ಜಾವಾದ ನಿಜವಾದ ಹೆಂಗಸರ ಕಡೆಗೆ ಬರೋಣ.

ಹದಿನೆಂಟನೆಯ ಶತಮಾನದ ಕೊನೆ. ಸೋಲೋದ ಮಂಕುನೆಗರಾನ್ ಅರಮನೆಯಲ್ಲಿ, ಮೊದಲನೆಯ ಮಂಕುನೆಗರನ ಕಾಲದಲ್ಲಿ, ಹೆಂಗಸರ ಒಂದು ಸೈನ್ಯದ ತುಕಡಿಯಿತ್ತು. ಅವರು ಕುದುರೆ ಹತ್ತುತ್ತಿದ್ದರು, ಬಂದೂಕು ಹಾರಿಸುತ್ತಿದ್ದರು. ಅದೇ ಹೆಂಗಸರು ಸಂಜೆ ಹಾಡಿ ಕುಣಿಯುತ್ತಲೂ ಇದ್ದರು. ಅವರಲ್ಲಿ ಒಬ್ಬಳು ದಿನಚರಿ ಬರೆದಿಟ್ಟಳು. 1781ರಿಂದ ಸುಮಾರು ಹತ್ತು ವರ್ಷ. ಅರಮನೆಗೆ ಯಾರು ಬಂದರು, ಏನು ಖರ್ಚಾಯಿತು, ಡಚ್ಚರ ಜೊತೆ ಏನು ಮಾತಾಯಿತು, ಎಲ್ಲ ಅದರಲ್ಲಿದೆ. ಅದನ್ನು ಇತಿಹಾಸಕಾರ್ತಿ ಆನ್ ಕುಮಾರ್ 1980ರಲ್ಲಿ ಹೊರಜಗತ್ತಿಗೆ ಪರಿಚಯಿಸಿದರು. ಬರೆದವಳ ಹೆಸರು ನಮಗೆ ದಕ್ಕಿಲ್ಲ. ಈ ಹೆಂಗಸರನ್ನು ನೋಡಿ ಗೊಂಬೆ ಹುಟ್ಟಿತು ಎಂದೋ, ಗೊಂಬೆಯನ್ನು ನೋಡಿ ತುಕಡಿ ಹುಟ್ಟಿತು ಎಂದೋ ಹೇಳುವುದು ಆತುರ. ಆದರೆ ಅದೇ ಅರಮನೆಯ ಅಂಗಳದಲ್ಲಿ ರಾತ್ರಿ ಸ್ರಿಕಂಡಿ ಬಿಲ್ಲೆತ್ತಿದಾಗ, ನೋಡುತ್ತ ಕೂತ ಕೆಲವರಿಗೆ ಅದು ಬರೀ ಪುರಾಣವಾಗಿರಲಾರದು.

ಈಗಿನ ಇಂಡೋನೇಷ್ಯದಲ್ಲಿ ಆ ಹೆಸರು ಎಲ್ಲೆಲ್ಲೂ ಇದೆ. ಬ್ಯಾಡ್ಮಿಂಟನ್ ತಂಡದ ಹುಡುಗಿಯರು ಗೆದ್ದರೆ ಪತ್ರಿಕೆಗಳು ನಮ್ಮ ಸ್ರಿಕಂಡಿಯರು ಎಂದು ಬರೆಯುತ್ತವೆ. ಹೆಂಗಸರು ರಾಜಕೀಯಕ್ಕಿಳಿದರೂ ಅದೇ ಬಿರುದು. ಜಕಾರ್ತದಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಆರೋಗ್ಯಕ್ಕಾಗಿ ದುಡಿಯುವ ಒಂದು ಸಂಸ್ಥೆ ‘ಸ್ರಿಕಂಡಿ ಸೆಜಾತಿ’ ಎಂದು ಹೆಸರಿಟ್ಟುಕೊಂಡಿದೆ. ಜಾವಾ ಮರೆತ ಆ ಹಳೆಯ ಶಿಖಂಡಿ, ಹೆಣ್ಣೂ ಗಂಡೂ ಆಗಿದ್ದವನು, ಹೀಗೆ ಇನ್ನೊಂದು ಬಾಗಿಲಿನಿಂದ ಅದೇ ಮನೆಗೆ ಬಂದ.

ಹೆಸರು ನಿಜವಾಗಿಯೂ ಬಿಲ್ಲಿಗೆ ಕೂಡಿದ್ದು 1988ರಲ್ಲಿ. ಇಂಡೋನೇಷ್ಯ ಒಲಿಂಪಿಕ್ಸಿಗೆ ಕಾಲಿಟ್ಟು ಆಗ ಮೂವತ್ತಾರು ವರ್ಷ. ಒಂದು ಪದಕವೂ ಬಂದಿರಲಿಲ್ಲ. ಸಿಯೋಲ್ ನಗರದ ಕೂಟಕ್ಕೆ ಹೋದ ಹೆಂಗಸರ ಬಿಲ್ಲುಗಾರಿಕೆ ತಂಡದಲ್ಲಿ ಮೂವರು: ಲಿಲೀಸ್ ಹಂದಯಾನಿ, ನೂರ್‌ಫಿತ್ರಿಯಾನ ಸೈಮಾನ್, ಕುಸುಮ ವರ್ಧನಿ. ಚಿನ್ನ ದಕ್ಷಿಣ ಕೊರಿಯಾಕ್ಕೆ ಹೋಯಿತು. ಎರಡನೆಯ ಸ್ಥಾನಕ್ಕೆ ಇವರೂ ಅಮೆರಿಕದವರೂ ಸರಿಸಮ ನಿಂತರು. ಇನ್ನಷ್ಟು ಬಾಣ ಬಿಟ್ಟು ತೀರ್ಮಾನಿಸಬೇಕಾಯಿತು. ಇವರೇ ಗೆದ್ದರು. ದೇಶದ ಮೊದಲ ಒಲಿಂಪಿಕ್ ಪದಕ, ಬೆಳ್ಳಿ.

ಅವರಿಗೆ ಕಲಿಸಿದವರು ಡೊನಾಲ್ಡ್ ಪಂದಿಯಾಂಗನ್. ತಾವೇ ದೊಡ್ಡ ಬಿಲ್ಲುಗಾರರು. 1980ರ ಮಾಸ್ಕೊ ಕೂಟವನ್ನು ಇಂಡೋನೇಷ್ಯ ಬಹಿಷ್ಕರಿಸಿದ್ದರಿಂದ ಅವರಿಗೆ ಆ ಅವಕಾಶ ತಪ್ಪಿತ್ತು. ಅವರನ್ನು ಜನ ಇಂಡೋನೇಷ್ಯದ ರಾಬಿನ್ ಹುಡ್ ಎಂದು ಕರೆಯುತ್ತಿದ್ದರು. ಮನೆಯಲ್ಲೇ ಅರ್ಜುನನಿರುವಾಗ ಗುರುವಿಗೆ ಇಂಗ್ಲೆಂಡಿನಿಂದ ಹೆಸರು ತರಿಸಿದ್ದೇಕೋ! ಶಿಷ್ಯೆಯರ ವಿಷಯದಲ್ಲಿ ಯಾರಿಗೂ ಹುಡುಕಾಟ ಬೇಕಾಗಲಿಲ್ಲ. ಆ ಮೂವರ ಕಥೆ 2016ರಲ್ಲಿ ಸಿನಿಮಾ ಆಯಿತು. ಅದರ ಹೆಸರು ‘3 ಸ್ರಿಕಂಡಿ’.